ಎಚ್‌ಡಿ ಹಾಕಿಸಿದರೂ ಸೀರೆಯ ಚೌಕುಳಿ ಕಾಣದು

ಇಳಕಲ್ ಸೀರೆಯನ್ನು ಟಿವಿಯಲ್ಲಿ ಇದ್ದ ಹಾಗೆ ತೋರಿಸುವುದು ಬಲು ಕಷ್ಟದ ಕೆಲಸ. ಒಡಲ ತುಂಬ ಸಣ್ಣ ಚೌಕುಳಿ ಇಲ್ಲವೇ ಗೀರು, ಅಂಚಿಗೆ ಗೋಮಿ ಅಥವಾ ಚಿಕ್ಕಿ ಪರಾಸು, ಸೆರಗಿಗೆ ಬಂದರೆ ದಟ್ಟ ಕೆಂಪಿನ ಮೇಲೆ ಬಿಳಿಯ ತೋಪು ತೆನಿ. ಧಾರಾವಾಹಿಯ ಅತ್ತೆ ಇದನ್ನುಟ್ಟು ಸುಮ್ಮನೆ ನಿಂತಿರುವಷ್ಟು ಹೊತ್ತು ಚೌಕುಳಿ ಚೆನ್ನಾಗಿಯೇ ಕಾಣುತ್ತದೆ. ಆಕೆ ತಿರುಗಿ ನಡೆದಳೋ, ಒಡಲು ಒಂದೇ ಬಣ್ಣದ ಬಟ್ಟೆಯಾಗುತ್ತದೆ, ಸೆರಗಿನ ಕೆಂಪು ಬಿಳಿಯೊಳಗೆ ಇಳಿಯುತ್ತದೆ. ನಿಂತ ಮೇಲೆ ನೇಯ್ಗೆ ಮತ್ತೆ ಮೂಡುತ್ತದೆ. ಮಗ್ಗದ ಸದ್ದಿಗೆ ಬೆಳಗಾಗುವ ಊರಿನಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಹೋಗುವುದಿಲ್ಲ.

"ಎಚ್‌ಡಿ ಹಾಕ್ಸೀವ್ರಿ, ರೊಕ್ಕಾನೂ ಹೆಚ್ಚು ಕೊಡ್ತೀವಿ, ಆದ್ರೂ ಚಿತ್ರ ಮಸಕ ಮಸಕ ಕಾಣ್ತೈತಲ್ರಿ" ಎಂಬ ದೂರು ಬಾಗಲಕೋಟೆಯ ನವನಗರದಿಂದ ಹುನಗುಂದದವರೆಗೆ ಡಿಶ್ ಜೋಡಿಸುವವರಿಗೆ ಹೊಸದಲ್ಲ. ಅವರು ಮಾಳಿಗೆ ಏರುತ್ತಾರೆ, ಡಿಶ್ಶನ್ನು ಒಂದಿಷ್ಟು ಅತ್ತಿತ್ತ ತಿರುಗಿಸುತ್ತಾರೆ, ವೈರಿನ ತುದಿ ಕತ್ತರಿಸಿ ಹೊಸದಾಗಿ ಕೂಡಿಸುತ್ತಾರೆ. ಮಸುಕು ಮಾತ್ರ ಹೋಗುವುದಿಲ್ಲ. ಏಕೆಂದರೆ ಈ ದೋಷ ಮಾಳಿಗೆಯ ಮೇಲೆ ಇಲ್ಲ.

ಮಳೆಗೆ ಕೆಡುವ ಚಿತ್ರ ಬೇರೆ, ಇದು ಬೇರೆ. ಡಿಟಿಎಚ್ ಸಂಕೇತ ಬರುವುದು ಕೆಯು ಬ್ಯಾಂಡಿನಲ್ಲಿ, 12 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳ ಮೇಲೆ. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ದಪ್ಪ ಹನಿಯ ಮಳೆ ಅದನ್ನು ಹೀರುತ್ತದೆ, ಚದುರಿಸುತ್ತದೆ. ಆಗ ಚಿತ್ರ ಚೂರುಚೂರಾಗಿ ಒಡೆದು, ನಿಂತು, ಕೊನೆಗೆ ಸಿಗ್ನಲ್ ಇಲ್ಲವೆಂಬ ಬರಹ ಬರುತ್ತದೆ. ಬಾಗಲಕೋಟೆಯಿಂದ ನೋಡಿದರೆ 83 ಡಿಗ್ರಿ ಪೂರ್ವ ರೇಖಾಂಶದ ಡಿಟಿಎಚ್ ಉಪಗ್ರಹ ಆಗ್ನೇಯದ ಕಡೆಗೆ, ಹೆಚ್ಚುಕಡಿಮೆ 70 ಡಿಗ್ರಿ ಎತ್ತರದಲ್ಲಿದೆ. ಹಾಗಾಗಿ ಅಲೆ ಮಳೆಯೊಳಗೆ ಹಾದುಬರುವ ದಾರಿ ಚಿಕ್ಕದು, ಮೋಡ ಸರಿದ ಮೇಲೆ ಚಿತ್ರವೂ ಮರಳುತ್ತದೆ. ಡಿಜಿಟಲ್ ಸಂಕೇತದ ಸ್ವಭಾವವೇ ಹೀಗೆ: ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಒಡೆಯುತ್ತದೆ. ಸಿಗ್ನಲ್ ಶೇಕಡ 70 ಇದ್ದರೂ 95 ಇದ್ದರೂ ಸೀರೆಯ ಚೌಕುಳಿ ಅಷ್ಟೇ ಕಾಣುತ್ತದೆ. ಬಿಸಿಲು ಬಿದ್ದ ದಿನವೂ ಚಿತ್ರ ಮಸುಕಾಗಿದ್ದರೆ, ಅದು ಉಪಗ್ರಹಕ್ಕೆ ಏರುವ ಮೊದಲೇ ಮಸುಕಾಗಿತ್ತು.

ಆಕಾಶದಿಂದ ಬಂದ ಟಿವಿ ಈ ಸೀಮೆಗೆ ನಿನ್ನೆ ಮೊನ್ನೆಯದಲ್ಲ. 1975ರ ಆಗಸ್ಟ್ 1ರಂದು ಇಸ್ರೊ ಮತ್ತು ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ಆರಂಭಿಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. ಬಾಗಲಕೋಟೆ ಆಗ ಬಿಜಾಪುರ ಜಿಲ್ಲೆಯದೇ ಭಾಗ. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಕಪ್ಪು-ಬಿಳುಪು ಸೆಟ್ಟು, ಎದುರಿಗೆ ಇಡೀ ಊರು. ಕನ್ನಡದ ಕಾರ್ಯಕ್ರಮ ಸಿದ್ಧವಾಗುತ್ತಿದ್ದುದೂ ಹೈದರಾಬಾದಿನ ಕೇಂದ್ರದಲ್ಲೇ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಬೇರೆಡೆಗೆ ಹೋಯಿತು. ಅಂದು ಉಪಗ್ರಹ ಈ ಹಳ್ಳಿಗಳಿಗೆ ಕಳಿಸುತ್ತಿದ್ದುದು ಒಂದೇ ಒಂದು ಚಿತ್ರ. ಅದಕ್ಕೆ ಬೇಕಾದಷ್ಟು ಜಾಗವಿತ್ತು, ಕುಗ್ಗಿಸುವ ಮಾತೇ ಇರಲಿಲ್ಲ. ಚಿತ್ರದ ಮೇಲೆ ಚುಕ್ಕಿ ಕುಣಿದಿರಬಹುದು, ಆದರೆ ಬೇಡವೆಂದು ಯಾರೂ ಅದರಿಂದ ಏನನ್ನೂ ತೆಗೆದುಹಾಕಿರಲಿಲ್ಲ.

ತೊಂಬತ್ತರ ದಶಕದ ಆರಂಭದ ಖಾಸಗಿ ವಾಹಿನಿಗಳ ಕಥೆಯೂ ಇದೇ. ಒಂದು ಅನಲಾಗ್ ಚಾನೆಲ್ ಹೆಚ್ಚಾಗಿ ಉಪಗ್ರಹದ ಒಂದಿಡೀ ಟ್ರಾನ್ಸ್‌ಪಾಂಡರನ್ನೇ, ಅಂದರೆ ನೆಲದಿಂದ ಬಂದ ಸಂಕೇತವನ್ನು ಮರಳಿ ಕಳಿಸುವ ಘಟಕವನ್ನೇ, ಹಿಡಿಯುತ್ತಿತ್ತು. 1994ರಲ್ಲಿ ಉದಯ ಟಿವಿ ಬಂತು, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಅಷ್ಟು ಹೊತ್ತಿಗೆ ದೇಶದಲ್ಲಿ ನೂರಾರು ವಾಹಿನಿಗಳು. ಎಲ್ಲಕ್ಕೂ ಒಂದೊಂದು ಟ್ರಾನ್ಸ್‌ಪಾಂಡರ್ ಕೊಡಲು ಆಕಾಶದಲ್ಲಿ ಜಾಗವೂ ಇಲ್ಲ, ಯಾರ ಬಳಿಯೂ ಅಷ್ಟು ದುಡ್ಡೂ ಇಲ್ಲ.

ಲೆಕ್ಕ ನೋಡಿದರೆ ಇಕ್ಕಟ್ಟು ಗೊತ್ತಾಗುತ್ತದೆ. ಸಾಮಾನ್ಯ ಎಸ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಸೆಕೆಂಡಿಗೆ 25 ಚಿತ್ರ. ಏನನ್ನೂ ಕುಗ್ಗಿಸದೆ ಸ್ಟುಡಿಯೊದ ಮಟ್ಟದಲ್ಲಿ ಕಳಿಸಬೇಕೆಂದರೆ ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್ ಬೇಕು. ಎಚ್‌ಡಿಗೆ ಸುಮಾರು 83 ಕೋಟಿ. ಡಿಟಿಎಚ್ ಶುರುವಾದ ಕಾಲದ ಒಂದು ಟ್ರಾನ್ಸ್‌ಪಾಂಡರ್ ಹೊರುತ್ತಿದ್ದುದಾದರೂ ಎಷ್ಟು? ಸಾಮಾನ್ಯವಾಗಿ ಸೆಕೆಂಡಿಗೆ 3.8 ಕೋಟಿ ಬಿಟ್. ಅಂದರೆ ಕುಗ್ಗಿಸದ ಒಂದೇ ಒಂದು ಎಸ್‌ಡಿ ಚಾನೆಲ್ಲಿಗೂ ಅದು ಸಾಲದು. ಅದರೊಳಗೆ ಹತ್ತು ಚಾನೆಲ್ ತುಂಬಿದರೆ ತಲಾ 38 ಲಕ್ಷ, ಇಪ್ಪತ್ತು ತುಂಬಿದರೆ ತಲಾ 19 ಲಕ್ಷ. ಹೊಸ ಡಿವಿಬಿ-ಎಸ್2 ಪದ್ಧತಿ ಬಂದ ಮೇಲೆ ಟ್ರಾನ್ಸ್‌ಪಾಂಡರಿನ ಹೊರೆ ಆರು ಕೋಟಿಯ ಹತ್ತಿರಕ್ಕೆ ಏರಿತು, ನಿಜ. ಜೊತೆಗೆ ಚಾನೆಲ್ಲುಗಳೂ ಏರಿದವು.

16.6 ಕೋಟಿಯನ್ನು 20 ಲಕ್ಷಕ್ಕೆ ಇಳಿಸಿಯೂ ಚಿತ್ರ ಚಿತ್ರವಾಗಿಯೇ ಕಾಣುವುದು ಸಣ್ಣ ಸಾಧನೆಯಲ್ಲ. ಅದರ ಬೇರು ಒಬ್ಬ ಕನ್ನಡ ನಾಡಿನವರ ಗಣಿತದಲ್ಲಿದೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ವೃತ್ತದ ಬಳಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಕೊಸೈನ್ ಅಲೆಗಳಿಂದ ಚಿತ್ರವನ್ನು ಅಡಕ ಮಾಡುವ ಯೋಚನೆಯೊಂದನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದಿಟ್ಟು ಸಹಾಯಧನ ಕೇಳಿದರು. ಸಹಾಯಧನ ಸಿಗಲಿಲ್ಲ. ಅವರು ಕೆಲಸ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಸ್‌ನ ಪ್ರಾಧ್ಯಾಪಕ ಕೆ.ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ನಾಲ್ಕು ಪುಟದ ಲೇಖನವೇ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಚಿಕ್ಕದಾಗಿ ಡಿಸಿಟಿ. ಮೊಬೈಲಿನ ಜೆಪೆಗ್ ಫೋಟೊ, ಡಿವಿಡಿ, ಡಿಟಿಎಚ್, ಯೂಟ್ಯೂಬ್, ಎಲ್ಲದರ ಒಳಗೂ ಅದು ಅಥವಾ ಅದರದೇ ಪೂರ್ಣಾಂಕ ರೂಪ ಕೆಲಸ ಮಾಡುತ್ತಿದೆ. ಬೆಂಗಳೂರಿನ ರಸ್ತೆ, ವೃತ್ತಗಳಿಗೆ ಎಷ್ಟೋ ಹೆಸರುಗಳಿವೆ. ಪ್ರತಿ ಮನೆಯ ಪರದೆಯೊಳಗಿರುವ ಈ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಓದುವಂತಾಗಬೇಕು.

ಡಿಸಿಟಿ ಮಾಡುವುದೇನು? ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಬೆಳಕು ಎಷ್ಟು, ಬೇಗಬೇಗ ಬದಲಾಗುವ ಗೆರೆ-ಚುಕ್ಕಿ ಎಷ್ಟು ಎಂದು ಲೆಕ್ಕ ಬಿಡಿಸಿಡುವುದು ಡಿಸಿಟಿಯ ಕೆಲಸ. ಅಲ್ಲಿಯವರೆಗೆ ಹೆಚ್ಚೇನೂ ನಷ್ಟವಿಲ್ಲ. ನಷ್ಟ ಆಗುವುದು ಮುಂದಿನ ಹೆಜ್ಜೆಯಲ್ಲಿ: ಮನುಷ್ಯರ ಕಣ್ಣು ಸೂಕ್ಷ್ಮ ಗೆರೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಅವುಗಳ ಅಂಕಿಗಳನ್ನು ಒರಟಾಗಿ ದುಂಡು ಮಾಡುತ್ತಾರೆ, ಬಹಳಷ್ಟು ಸೊನ್ನೆಯಾಗುತ್ತವೆ. ಬಿಟ್ ಕಡಿಮೆ ಇದ್ದಷ್ಟೂ ಸೊನ್ನೆ ಹೆಚ್ಚು. ಇದಲ್ಲದೆ ಚಿತ್ರದಿಂದ ಚಿತ್ರಕ್ಕೆ ಬದಲಾಗದ ಭಾಗವನ್ನು ಮತ್ತೆ ಕಳಿಸುವುದಿಲ್ಲ. ಹಿಂದಿನ ಚಿತ್ರದ ಯಾವ ತುಂಡು ಎತ್ತ ಸರಿಯಿತು ಎಂಬುದನ್ನಷ್ಟೇ ಕಳಿಸುತ್ತಾರೆ. ಬಣ್ಣಕ್ಕಂತೂ ಮೊದಲೇ ಕತ್ತರಿ ಬಿದ್ದಿರುತ್ತದೆ. ನಾಲ್ಕು ಚುಕ್ಕಿಯ ಬೆಳಕಿಗೆ ನಾಲ್ಕು ಅಂಕಿ ಇದ್ದರೆ, ಬಣ್ಣಕ್ಕೆ ನಾಲ್ಕಕ್ಕೂ ಸೇರಿ ಒಂದೇ ಅಳತೆ.

ಇಳಕಲ್ ಸೀರೆ ಈ ಮೂರೂ ಕತ್ತರಿಗೆ ಸಿಗುತ್ತದೆ. ಚೌಕುಳಿ ಸೂಕ್ಷ್ಮ ಗೆರೆಯಾದ್ದರಿಂದ ಮೊದಲು ಸೊನ್ನೆಯಾಗುವುದು ಅದೇ. ನಡೆಯುವಾಗ ನೆರಿಗೆ ಮಡಚಿ ಬಿಚ್ಚುವುದರಿಂದ ಯಾವ ತುಂಡು ಎತ್ತ ಸರಿಯಿತು ಎಂಬ ಅಂದಾಜೂ ಸಿಗದು. ಸೆರಗಿನಲ್ಲಿ ಕೆಂಪು-ಬಿಳಿ ಸೇರುವ ಹಣಿಗೆಯ ಹಲ್ಲಿನಂಥ ತುದಿಗಳಲ್ಲಿ ಬಣ್ಣದ ಅಳತೆ ನಾಲ್ಕರಲ್ಲೊಂದೇ ಆದ್ದರಿಂದ ಬಿಳಿಯ ಅಂಚು ಗುಲಾಬಿಯಾಗುತ್ತದೆ. ಸೀರೆಯೊಂದೇ ಅಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಮೈಯ ಕಾಳುಕಾಳು ಚುಕ್ಕಿ, ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆ ಸೇರುವಲ್ಲಿನ ನೀರಿನ ಮಿನುಗು, ಬಾದಾಮಿಯ ಗುಹೆಯೊಳಗೆ ಮೆಲ್ಲಗೆ ಕತ್ತಲಾಗುತ್ತ ಹೋಗುವ ಮರಳುಗಲ್ಲಿನ ಗೋಡೆ, ಇವೆಲ್ಲ ಚಿತ್ರ ಕುಗ್ಗಿಸುವ ಯಂತ್ರಕ್ಕೆ, ಅಂದರೆ ಎನ್‌ಕೋಡರಿಗೆ, ಒಗ್ಗದ ದೃಶ್ಯಗಳೇ. ಗುಹೆಯ ಕತ್ತಲು ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹೊಡೆಯುತ್ತದೆ. ಬನಶಂಕರಿ ರಥೋತ್ಸವದಲ್ಲಿ ಸಾವಿರಾರು ತಲೆಗಳು ಒಂದೊಂದು ದಿಕ್ಕಿಗೆ ಅಲುಗುತ್ತ, ತೇರಿನ ಮೇಲೆ ಉತ್ತತ್ತಿ ಹಾರುವ ಗಳಿಗೆಯಂತೂ ಯಾವ ಅಗ್ಗದ ಬಿಟ್ಟಿಗೂ ಹಿಡಿಸದು. ಕ್ಯಾಮೆರಾ ಒಳ್ಳೆಯದೇ ಇರುತ್ತದೆ, ಛಾಯಾಗ್ರಾಹಕರೂ ನುರಿತವರೇ. ದಾರಿಯಲ್ಲಿ ಸೋರಿಹೋಗುವುದು ನಮ್ಮ ನೆಲದ ಗುರುತು. ಇದು ಬರೀ ತಂತ್ರಜ್ಞಾನದ ಕೊರತೆಯೆಂದು ಬಿಡಲಾಗದು.

ಒಂದೇ ಟ್ರಾನ್ಸ್‌ಪಾಂಡರಿನ ಚಾನೆಲ್ಲುಗಳು ಬಿಟ್‌ಗಳನ್ನು ಸಮನಾಗಿಯೂ ಹಂಚಿಕೊಳ್ಳುವುದಿಲ್ಲ. ಆ ಕ್ಷಣದಲ್ಲಿ ಯಾರ ಚಿತ್ರ ಕಷ್ಟದ್ದೋ ಅವರಿಗೆ ಹೆಚ್ಚು ಕೊಡುವ ಯಂತ್ರವಿರುತ್ತದೆ. ವಿಚಾರ ಒಳ್ಳೆಯದೇ: ಒಂದರಲ್ಲಿ ವಾರ್ತೆ ಓದುವವರು ಅಲುಗದೆ ಕುಳಿತಿದ್ದರೆ, ಅಲ್ಲಿ ಉಳಿದದ್ದು ಪಕ್ಕದ ಕಬಡ್ಡಿಗೆ ಹೋಗಲಿ. ಆದರೆ ಹಂಚುವಾಗ ಸೇವೆಯವರು ಯಾರಿಗೆ ಮೊದಲ ಸ್ಥಾನ, ಯಾರಿಗೆ ಕೊನೆಯ ಸ್ಥಾನ ಎಂದು ನಿಗದಿ ಮಾಡಲೂಬಹುದು. ನೋಡುಗರು ಹೆಚ್ಚಿರುವ ಕ್ರೀಡಾ ವಾಹಿನಿ, ದುಬಾರಿ ಎಚ್‌ಡಿ ಮುಂದೆ. ಸಣ್ಣ ವಾಹಿನಿ ಹಿಂದೆ. ಆಲಮಟ್ಟಿಯ ಕಾಲುವೆಗೆ ನೀರು ಬಿಟ್ಟಾಗ ಕೊನೆಯಂಚಿನ ರೈತರಿಗೆ ಆಗುವುದೇ ಇಲ್ಲಿ ಕೊನೆಯ ಚಾನೆಲ್ಲಿಗೆ ಆಗುತ್ತದೆ. ಸಂಜೆ ಎಲ್ಲ ವಾಹಿನಿಗಳಲ್ಲೂ ನೃತ್ಯ, ಹೊಡೆದಾಟ, ಪಂದ್ಯ ಒಟ್ಟಿಗೇ ಬಂದಾಗ ಕೊರತೆ ಎದ್ದು ಕಾಣುತ್ತದೆ. ಅದೇ ಚಾನೆಲ್ ಬೆಳಗಿನ ಜಾವ ನೋಡಿದರೆ ಎಷ್ಟೋ ವಾಸಿ.

ಕುಗ್ಗಿಸುವುದು ಒಮ್ಮೆ ಮಾತ್ರ ನಡೆದಿದ್ದರೆ ಸಹಿಸಬಹುದಿತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೆ ನೀರು ನುಗ್ಗಿದ ಸುದ್ದಿಯನ್ನು ನೆನೆದರೆ ಸಾಕು. ಇಂಥ ಕಡೆಗಳಿಂದ ನೇರ ಪ್ರಸಾರ ಸಾಮಾನ್ಯವಾಗಿ ಬರುವುದು ಬೆನ್ನಿಗೆ ಹಾಕಿಕೊಳ್ಳುವ ಪೆಟ್ಟಿಗೆಯಿಂದ. ಅದು ಹಲವು ಮೊಬೈಲ್ ಸಿಮ್ಮುಗಳನ್ನು ಸೇರಿಸಿ ಚಿತ್ರ ಕಳಿಸುತ್ತದೆ. ಅಲ್ಲಿ ಮೊದಲ ಸಲ ಕುಗ್ಗುತ್ತದೆ. ಸ್ಟುಡಿಯೊದಲ್ಲಿ ಬಿಚ್ಚಿ, ಕೆಳಗೆ ಬ್ರೇಕಿಂಗ್ ಪಟ್ಟಿ ಅಂಟಿಸಿ, ಉಪಗ್ರಹಕ್ಕೆ ಏರಿಸಲು ಮತ್ತೆ ಕುಗ್ಗಿಸುತ್ತಾರೆ. ಡಿಟಿಎಚ್ ಕಂಪನಿ ಅದನ್ನು ಇಳಿಸಿಕೊಂಡು, ಬಿಚ್ಚಿ, ತನ್ನ ಜಾಗಕ್ಕೆ ಹೊಂದುವಂತೆ ಮೂರನೆಯ ಸಲ ಕುಗ್ಗಿಸುತ್ತದೆ. ಕೇಬಲ್ಲಿನವರದೂ ಇದೇ ದಾರಿ. ಮೊದಲ ಸಲ ಉಳಿದಿದ್ದ ಚೌಕದ ಗುರುತನ್ನು ಮುಂದಿನ ಯಂತ್ರ ನಿಜವಾದ ಗೆರೆಯೆಂದು ತಿಳಿದು, ಅದನ್ನು ಕಾಪಾಡಲು ಬಿಟ್ ಖರ್ಚು ಮಾಡುತ್ತದೆ. ಎಲ್ಲ ಹಂತ ದಾಟಿ ಬಾದಾಮಿಯ ಮನೆಗೆ ಬರುವ ಹೊತ್ತಿಗೆ ಹದಿನೈದು-ಇಪ್ಪತ್ತು ಕಿಲೋಮೀಟರ್ ದೂರದ ನೆರೆಯ ನೀರು ಕಂದು ಗೋಡೆಯಂತೆ ಕಾಣುತ್ತದೆ.

ಎಚ್‌ಡಿ ಎಂಬ ಮುದ್ರೆಗೆ ಈಗ ಬರೋಣ. ಕನ್ನಡದ ಮನರಂಜನಾ ವಾಹಿನಿಗಳು 2016ರಿಂದ ಒಂದೊಂದಾಗಿ ಎಚ್‌ಡಿಗೆ ಬಂದವು. ಎಚ್‌ಡಿಯ 1920ಕ್ಕೆ 1080 ಚುಕ್ಕಿಗಳನ್ನು ಗುಣಿಸಿದರೆ ಎಸ್‌ಡಿಯ ಸರಿಯಾಗಿ ಐದು ಪಟ್ಟು. ಆ ಐದು ಪಟ್ಟು ಚುಕ್ಕಿಗೆ ಎಷ್ಟು ಬಿಟ್ ಕೊಡಬೇಕೆಂಬುದನ್ನು ಎಚ್‌ಡಿ ಎಂಬ ಹೆಸರು ಹೇಳುವುದಿಲ್ಲ. ಸೆಕೆಂಡಿಗೆ 80 ಲಕ್ಷ ಬಿಟ್ ಕೊಟ್ಟರೂ ಎಚ್‌ಡಿ, 40 ಲಕ್ಷಕ್ಕೆ ಇಳಿಸಿದರೂ ಎಚ್‌ಡಿ. ಲೋಕದ ಅನೇಕ ಸೇವೆಗಳು ಅಡ್ಡದ 1920 ಚುಕ್ಕಿಯನ್ನು 1440ಕ್ಕೆ ಇಳಿಸಿ, ಬಾಕ್ಸಿನಲ್ಲಿ ಮತ್ತೆ ಎಳೆದು ಅಗಲ ಮಾಡುವುದೂ ಉಂಟು. ಆಗಲೂ ಮೂಲೆಯಲ್ಲಿ ಅದೇ ಮುದ್ರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ 2019ರ ಫೆಬ್ರುವರಿ 1ರಿಂದ ಜಾರಿಯಾದಾಗ, ಮೊದಲ 100 ಚಾನೆಲ್ಲಿಗೆ ತಿಂಗಳಿಗೆ ಗರಿಷ್ಠ 130 ರೂಪಾಯಿ ಮತ್ತು ತೆರಿಗೆ ಎಂದು ನಿಗದಿಯಾಯಿತು, ಆ ಎಣಿಕೆಯಲ್ಲಿ ಒಂದು ಎಚ್‌ಡಿ ಎರಡು ಎಸ್‌ಡಿಗೆ ಸಮ ಎಂದಾಯಿತು. ಚಾನೆಲ್ಲಿನ ಬೆಲೆ ಪೈಸೆವಾರು ಬಿಲ್ಲಿನಲ್ಲಿ ಬರುತ್ತದೆ. ಆ ಬೆಲೆಗೆ ಎಷ್ಟು ಬಿಟ್ಟಿನ ಚಿತ್ರ ಎಂಬ ಅಂಕಿ ಬರುವುದಿಲ್ಲ. ಹಾಲಿಗೆ ಕೊಬ್ಬಿನ ಅಂಶ, ರಸಗೊಬ್ಬರದ ಚೀಲಕ್ಕೆ ಸಾರಜನಕದ ಪ್ರಮಾಣ ಬರೆಯಲೇಬೇಕಾದ ದೇಶದಲ್ಲಿ, ತಿಂಗಳು ತಿಂಗಳೂ ಹಣ ತೆರುವವರಿಗೆ ಈ ಒಂದು ಸಾಲನ್ನು ಕೇಳುವ ಹಕ್ಕಿದೆ.

ಕಂಪನಿಗಳ ಇಕ್ಕಟ್ಟೂ ಸುಳ್ಳಲ್ಲ. ಡಿಟಿಎಚ್‌ಗೆಂದೇ 12 ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್ ಹೊತ್ತಿದ್ದ ಇನ್ಸಾಟ್-4ಸಿ 2006ರ ಜುಲೈ 10ರಂದು ರಾಕೆಟ್ ಸಮೇತ ನಾಶವಾಯಿತು. 2010ರ ಜುಲೈನಲ್ಲಿ ಇನ್ಸಾಟ್-4ಬಿಯ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ಆರಿಸಬೇಕಾಯಿತು, ಸನ್ ಡೈರೆಕ್ಟ್ ಬೇರೆ ಉಪಗ್ರಹ ಹುಡುಕಿಕೊಳ್ಳಬೇಕಾಯಿತು. 2022ರ ಜೂನ್‌ನಲ್ಲಿ ಹಾರಿದ ಜಿಸ್ಯಾಟ್-24ರ 24 ಟ್ರಾನ್ಸ್‌ಪಾಂಡರುಗಳನ್ನೂ ಟಾಟಾ ಪ್ಲೇ ಗುತ್ತಿಗೆ ಪಡೆಯಿತು. ಜಾಗ ಹೆಚ್ಚಿದಾಗ ಅದನ್ನು ಇರುವ ಚಾನೆಲ್ಲುಗಳ ಚಿತ್ರಕ್ಕೆ ಕೊಡಬೇಕೋ, ಹೊಸ ಚಾನೆಲ್ಲುಗಳಿಗೆ ಕೊಡಬೇಕೋ ಎಂಬ ಪ್ರಶ್ನೆ ಬಂದಾಗ ಮಾರುಕಟ್ಟೆ ಒಲಿಯುವುದು ಎಣಿಕೆಗೆ. 'ಇಷ್ಟು ನೂರು ಚಾನೆಲ್' ಎಂದು ಜಾಹೀರಾತು ಹಾಕುವುದು ಸುಲಭ. 'ಚೌಕುಳಿ ಕಾಣುತ್ತದೆ' ಎಂದು ಹಾಕುವವರಿಲ್ಲ.

ಮನೆಯಲ್ಲೇ ಸರಿಪಡಿಸಬಹುದಾದದ್ದು ಕೆಲವಿವೆ, ಅವನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಎಚ್‌ಡಿ ಬಾಕ್ಸನ್ನು ಹಳದಿ-ಕೆಂಪು-ಬಿಳಿ ಪಿನ್ನಿನ ಹಳೆ ಎವಿ ವೈರಿನಿಂದ ಟಿವಿಗೆ ಕೂಡಿಸಿರುವ ಮನೆಗಳಿವೆ. ಆ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಎಚ್‌ಡಿಎಂಐ ವೈರೇ ಬೇಕು, ಬಾಕ್ಸಿನ ಸೆಟ್ಟಿಂಗಿನಲ್ಲಿ ಔಟ್‌ಪುಟ್ 1080 ಇರಬೇಕು. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಇಟ್ಟ 'ವಿವಿಡ್' ಮೋಡ್ ಮತ್ತು ಶಾರ್ಪ್‌ನೆಸ್ ಹೆಚ್ಚಿಗೆ ಇದ್ದರೆ ಕಂಪ್ರೆಷನ್ನಿನ, ಅಂದರೆ ಕುಗ್ಗಿಸುವಿಕೆಯ, ಚೌಕಗಳೇ ಎದ್ದು ಕಾಣುತ್ತವೆ. ಶಾರ್ಪ್‌ನೆಸ್ ತಗ್ಗಿಸಿದರೆ ಚಿತ್ರ ತಿಳಿಯಾಗುತ್ತದೆ. ಎಸ್‌ಡಿ ಚಾನೆಲ್ಲನ್ನು 43 ಇಂಚಿನ ಟಿವಿಯಲ್ಲಿ ನಾಲ್ಕು ಅಡಿ ದೂರದಿಂದ ನೋಡಿದರೆ ಯಾವ ಸೆಟ್ಟಿಂಗೂ ಕಾಪಾಡದು. ಹಳೆ ಸಿನಿಮಾದ ಮುಖಗಳು ಅಡ್ಡಡ್ಡ ಉಬ್ಬಿದ್ದರೆ ಅದು ಕಂಪ್ರೆಷನ್ ಅಲ್ಲ, ರಿಮೋಟಿನ ಆಸ್ಪೆಕ್ಟ್ ಬಟನ್ ಒತ್ತಿದರೆ ಸರಿಹೋಗುತ್ತದೆ.

ಕುಗ್ಗಿಸುವ ವಿದ್ಯೆಯೂ ನಿಂತಲ್ಲೇ ನಿಂತಿಲ್ಲ. ತೊಂಬತ್ತರ ದಶಕದ ಎಂಪೆಗ್-2ಕ್ಕೆ ಬೇಕಾಗುವ ಬಿಟ್‌ಗಳ ಸರಿಸುಮಾರು ಅರ್ಧದಲ್ಲಿ ಅಷ್ಟೇ ಒಳ್ಳೆಯ ಚಿತ್ರ ಕೊಡುವ ಎಚ್.264, ಅಂದರೆ ಬಾಕ್ಸಿನ ಮೇಲೆ ಎಂಪೆಗ್-4 ಎಂದು ಬರೆದಿರುವುದು, 2003ರಲ್ಲಿ ಬಂತು. ಅದಕ್ಕಿಂತಲೂ ಬಿಗಿಯಾದ ಎಚ್‌ಇವಿಸಿ 2013ರಲ್ಲಿ. ಆದರೆ ಹೊಸ ಭಾಷೆಯಲ್ಲಿ ಕಳಿಸಿದರೆ ಹಳೆ ಬಾಕ್ಸ್ ಓದಲಾರದು. ಹಣ ಕೊಡುವ ಚಂದಾದಾರರ ಬಾಕ್ಸನ್ನು ಕಂಪನಿಗಳು ವರ್ಷಗಟ್ಟಲೆ ಹಿಡಿದು ಬದಲಿಸಿದವು. 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ಉಚಿತ ಡಿಟಿಎಚ್, ಈಗಿನ ಡಿಡಿ ಫ್ರೀ ಡಿಶ್, ಹಾಗೆ ಮಾಡಲಾಗಲಿಲ್ಲ. ಹೊಲದ ಮನೆಯವರು, ಕೂಲಿಯವರು, ಜೋಡು ಮಗ್ಗದ ನೇಕಾರರು ಒಮ್ಮೆ ದುಡ್ಡು ಕೊಟ್ಟು ಸಂತೆಯಿಂದಲೋ ಅಂಗಡಿಯಿಂದಲೋ ತಂದ ಬಾಕ್ಸುಗಳವು; ಯಾರ ಮನೆಯಲ್ಲಿ ಯಾವುದಿದೆ ಎಂಬ ಪಟ್ಟಿಯೇ ಯಾರಲ್ಲೂ ಇಲ್ಲ. ಅದಕ್ಕೇ ಫ್ರೀ ಡಿಶ್‌ನಲ್ಲಿ ಎಂಪೆಗ್-2 ಜಾಗಗಳೂ ಎಂಪೆಗ್-4 ಜಾಗಗಳೂ ಒಟ್ಟೊಟ್ಟಿಗೆ ನಡೆಯುತ್ತಿವೆ, ಹರಾಜಿನಲ್ಲಿ ವಾಹಿನಿಗಳು ಎಂಪೆಗ್-2 ಜಾಗಕ್ಕೇ ಹೆಚ್ಚು ಬೆಲೆ ಕೂಗುತ್ತವೆ. ಎಲ್ಲ ಹಳೆ ಬಾಕ್ಸಿಗೂ ತಲುಪುವುದು ಅದೊಂದೇ. ಬಿಟ್ ಹೆಚ್ಚು ಬೇಡುವ ಹಳೆ ಪದ್ಧತಿಯನ್ನು ಕೈಬಿಟ್ಟರೆ ಅದೇ ಉಪಗ್ರಹದಲ್ಲಿ ದೂರದರ್ಶನದ ಚಂದನ ವಾಹಿನಿಯ ಚಿತ್ರವನ್ನೂ ಸೇರಿಸಿ ಎಲ್ಲವನ್ನೂ ಎಷ್ಟೋ ಚೆನ್ನಾಗಿಸಬಹುದು. ಅದಕ್ಕೆ ಮೊದಲು ಆ ಮನೆಗಳಿಗೆ ಹೊಸ ಬಾಕ್ಸ್ ಸೇರಬೇಕು, ಅದರ ಖರ್ಚನ್ನು ನೋಡುಗರ ಮೇಲೆ ಹಾಕದೆ ಸರ್ಕಾರವೇ ಹೊರಬೇಕು.